ಚಿಗವ್ವನ ಎಡಗಾಲು

ನಿನ್ನ ಎಡಗಾಲು ಸೋಲುತ್ತಿದೆ ಎಂಬುದು ನನಗೆ ಗೊತ್ತಿತ್ತು, ಚಿಗವ್ವ. ಗೊತ್ತಿದ್ದೂ ನಿನ್ನ ಮುಖ ನೋಡಿಯೇ ಸುಳ್ಳು ಹೇಳಿದೆ.

ನಾನು ಕ್ಯಾಮೆರಾ ಹಿಡಿದು ದೇವಾಪುರದ ಗದ್ದೆಗೆ ಬಂದ ಆ ನಾಟಿಯ ದಿನಗಳನ್ನು ನೀನು ಮರೆತಿರಲಾರೆ. ವಿಶ್ವವಿದ್ಯಾಲಯದಲ್ಲಿ ಮನುಷ್ಯದೇಹದ ಚಲನೆಯನ್ನೇ ಓದುತ್ತಿದ್ದೆ — ಮೂಳೆ, ಸ್ನಾಯು, ನರ ಸೇರಿ ಒಂದು ಹೆಜ್ಜೆ ಹೇಗೆ ಆಗುತ್ತದೆ ಎಂಬುದನ್ನು. ಕೊನೆಯ ವರ್ಷದ ಪ್ರಬಂಧಕ್ಕೆ ಸಸಿ ಹಚ್ಚುವ ಹೆಂಗಸರ ಬಾಗಿದ ಬೆನ್ನನ್ನೂ ಹಿಂದಕ್ಕಿಡುವ ಹೆಜ್ಜೆಯನ್ನೂ ಆರಿಸಿಕೊಂಡಿದ್ದೆ. ನಾಟಿಯ ಆರಂಭದಲ್ಲಿ ಒಮ್ಮೆ, ಮುಗಿಯುವಾಗ ಇನ್ನೊಮ್ಮೆ, ಅದೇ ಹೆಂಗಸರನ್ನು ಚಿತ್ರಿಸಿ ಹೋಲಿಸಬೇಕಿತ್ತು.

"ಯಕ್ಕಾ, ಸೆರಗ ಸರಿ ಮಾಡ್ಕೊ, ನಿನ್ನ ಕುಂಡಿ ಯುನಿವರ್ಸಿಟಿಗಿ ಹೊಂಟದ!" ಎಂದು ಪಕ್ಕದಲ್ಲಿ ಸಸಿ ಹಚ್ಚುತ್ತಿದ್ದ ಶಾಂತಮ್ಮತ್ತೆ ನಿನ್ನನ್ನು ಛೇಡಿಸಿದ್ದಳು.

"ಹೋಗ್ಲಿ ಬಿಡ. ನಾ ಅಂತೂ ಸಾಲಿ ಮಾರಿ ನೋಡ್ಲಿಲ್ಲ, ಅದಾರ ಹೋಗ್ಲಿ" ಎಂದೆ ನೀನು.

ಹಿಂದೆ ಉಳಿದವಳ ಪಾಲಿನ ಸಸಿಯನ್ನು ಪಕ್ಕದವಳು ಮಾತಿಲ್ಲದೆ ಹಚ್ಚಿ ಸಾಲು ಸರಿಮಾಡುವುದು ನಿಮ್ಮ ಗುಂಪಿನ ರೀತಿ. ಸಂಜೆ ಚಿತ್ರವನ್ನು ನಿಧಾನಗೊಳಿಸಿ ನೋಡಿದಾಗ ಕಂಡಿತು — ನಿನ್ನ ಪಾಲನ್ನು ಶಾಂತಮ್ಮತ್ತೆ ಮತ್ತೆಮತ್ತೆ ಹಚ್ಚುತ್ತಿದ್ದಳು. ನೀನು ಬದು ಹತ್ತಿ ನಡೆಯುವಾಗ ಎಡಪಾದ ಮೇಲೇಳುತ್ತಿರಲಿಲ್ಲ. ಬೆರಳುಗಳು ಒದ್ದೆ ಮಣ್ಣಿನ ಮೇಲೆ ಗೆರೆ ಎಳೆಯುತ್ತಿದ್ದವು. ಪಾದ ಹೀಗೆ ಜೋತುಬೀಳತೊಡಗಿದರೆ ನರಕ್ಕೆ ಪೆಟ್ಟಾಗುತ್ತಿದೆ, ತಡಮಾಡದೆ ವೈದ್ಯರ ಬಳಿ ಕಳಿಸಬೇಕು — ನನಗೆ ಕಲಿಸಿದ ಪಾಠವಿದು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಪಾಠ.

ಮರುದಿನ ನೀನೇ ಕೇಳಿದೆ: "ಎಡಗಾಲ ಜೋಮ ಹಿಡದಂಗ ಆಗ್ತದವ್ವಾ. ನಿನ್ನ ಕ್ಯಾಮರಾದಾಗ ಏನರ ಕಾಣ್ತದೇನು?"

"ಏನಿಲ್ಲ ಚಿಗವ್ವ. ದಣಿವು ಅಷ್ಟೇ. ನಾಟಿ ಮುಗದ್ರ ಸರಿ ಹೋಗ್ತದ."

ನಾನು ಯಾಕೆ ಹಾಗೆಂದೆ? ನೀನು ಆಸ್ಪತ್ರೆ ಸೇರಿದರೆ ಎರಡನೆಯ ಚಿತ್ರೀಕರಣಕ್ಕೆ ಸಿಗುತ್ತಿರಲಿಲ್ಲ. ಮತ್ತು ಆ ಕಾಲು ಇನ್ನೆಷ್ಟು ಕೆಡುತ್ತದೆ ಎಂದು ನೋಡುವ ಆಸೆಯೂ ನನಗಿತ್ತು. ಉಳಿದವರ ನಡಿಗೆಯಲ್ಲಿ ಹೇಳಿಕೊಳ್ಳುವಂಥದ್ದು ಇರಲಿಲ್ಲ. ನಿನ್ನದರಲ್ಲಿತ್ತು.

ಸುರಪುರದ ದವಾಖಾನೆಗೆ ಹೋಗೋಣ ನಡಿ ಎಂದು ಶಾಂತಮ್ಮತ್ತೆ ಕೈಹಿಡಿದು ಜಗ್ಗಿದಾಗ ನೀನು ಬಿಡಿಸಿಕೊಂಡೆ. "ನಮ್ಮ ಹುಡುಗಿ ನಡಿಗಿನೇ ಓದಾಕತ್ಯಾಳ. ಆಕಿ ಏನಿಲ್ಲ ಅಂದಮ್ಯಾಲ ಡಾಕ್ಟರ್ ಯಾಕ?"

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನಾಟಿ ಮುಗಿಯುವ ಹೊತ್ತಿಗೆ ಪಾದ ಪೂರ್ತಿ ಜೋತುಬಿದ್ದಿತ್ತು. ಮೊದಲೇ ಬರಬೇಕಿತ್ತು ಎಂದರಂತೆ ಕಲಬುರಗಿಯ ವೈದ್ಯರು. "ನಾನೇ ಹುಚ್ಚಿ, ಕಾಲಿನ ಕಡಿ ಲಕ್ಷ್ಯನೇ ಕೊಡ್ಲಿಲ್ಲ" ಎಂದು ಇಂದಿಗೂ ನಿನ್ನನ್ನೇ ಬೈದುಕೊಳ್ಳುತ್ತೀ. ಕೆಸರಿಗೆ ಇಳಿಯಲಾಗದೆ, ಬದುವಿನ ಮೇಲೆ ಕೂತು ಉಳಿದವರತ್ತ ಸಸಿಯ ಕಟ್ಟು ಎಸೆಯುತ್ತೀ.

ನಿನ್ನ ಕಾಲಿನ ಚಿತ್ರ ತೋರಿಸಿದ ದಿನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ನನಗೆ ಚಪ್ಪಾಳೆ ಬಿತ್ತು. ಆಮೇಲೆ, ಕೂಲಿ ಹೆಂಗಸರ ದೇಹ ಸವೆಯುವುದಕ್ಕೆ ಯಾರು ಹೊಣೆ ಎಂದು ಪತ್ರಿಕೆಗಳಲ್ಲಿ ಗುಡುಗಿದೆ. ಭೂಮಾಲೀಕರನ್ನು, ಇಲಾಖೆಗಳನ್ನು, ಸರ್ಕಾರವನ್ನು ಹೆಸರೆತ್ತಿ ಪ್ರಶ್ನಿಸಿದೆ. ಅವರು ಹೊಣೆಗಾರರಲ್ಲ ಎಂದು ಈಗಲೂ ಹೇಳಲಾರೆ. ಆದರೆ ಆ ಲೇಖನಗಳಲ್ಲಿ ನನ್ನ ಹೆಸರಿದ್ದದ್ದು ಬರೆದವಳ ಜಾಗದಲ್ಲಿ ಮಾತ್ರ. ಆರೋಪಿಗಳ ನಡುವೆ ಎಲ್ಲಿಯೂ ಅಲ್ಲ.

ನಿನಗೆ ಓದಲು ಬರುವುದಿಲ್ಲ. ಅಚ್ಚಾದರೂ ಇದು ನಿನ್ನನ್ನು ತಲುಪಲಾರದು ಎಂಬ ಧೈರ್ಯದಿಂದಲೇ ಬರೆಯಲು ಕೂತೆನೋ ಏನೋ — ಅದೂ ಹೇಡಿತನವೇ. ಆದ್ದರಿಂದ ನಾಳೆ ದೇವಾಪುರಕ್ಕೆ ಬರುತ್ತಿದ್ದೇನೆ. ಬುತ್ತಿ ಬಿಚ್ಚುವ ಹೊತ್ತಿನಲ್ಲಿ, ಶಾಂತಮ್ಮತ್ತೆಯ ಎದುರು, ಇಡೀ ಗುಂಪಿನ ಎದುರು ಇದನ್ನು ಓದುತ್ತೇನೆ. ಆಮೇಲೆ ನೀನು ನನ್ನನ್ನು 'ನಮ್ಮ ಹುಡುಗಿ' ಎನ್ನಬೇಕಿಲ್ಲ. ನಿನ್ನನ್ನು ನೀನು ಬೈದುಕೊಳ್ಳುವುದನ್ನು ಮಾತ್ರ ನಿಲ್ಲಿಸು.