ಸದ್ದು ಕಳ್ಕೊಂಡ ಸಾಣೆ ಮಿಷಿನ್ನು

ಪ್ಯಾರೀಸ್ ಕಾರ್ನರ್‌ನಲ್ಲಿರೋ ಮಾವನ ಸಾಣೆ ಅಂಗಡಿಯ ಹಳೇ ಮಿಷಿನ್ನಿಗೆ ಸವೆದ ಬೇರಿಂಗ್ ತೆಗೆದು ಹೊಸದು ಹಾಕಿದವನು ನಾನೇ. "ಎಡವಟ್ಟಾದ್ರೆ ನಾಳೆನೇ ನಿನ್ನ ಮತ್ತೆ ಸ್ಕೂಲಿಗೆ ಸೇರಿಸ್ತೀನಿ" ಅಂತ ಮಾವ ಮೊದಲೇ ಹೆದರಿಸಿದ್ದರು.

ಸ್ವಿಚ್ ಹಾಕಿದೆ. ಬೀದಿಗೆಲ್ಲ ಕೇಳೋ ಹಾಗೆ ಕಿರುಚುತ್ತಿದ್ದ ಮಿಷಿನ್ನು ಹಾಲು ಕುಡಿದ ಬೆಕ್ಕಿನಂತೆ ಮೆತ್ತಗೆ ತಿರುಗಿತು.

ಕತ್ತರಿ ಕೊಟ್ಟು ನಿಂತಿದ್ದ ಕೀಲ್ಪಾಕಿನ ಟೈಲರಮ್ಮನಿಗೆ ಅನುಮಾನ ಬಂತು. "ಎನ್ನಪ್ಪಾ ಇದು, ಸದ್ದೇ ಇಲ್ಲ? ಹರಿತ ಎಲ್ಲಿಂದ ಬರತ್ತೆ? ಕತ್ತರಿ ವಾಪಸ್ ಕೊಡು."

ಮಾವ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ನನಗೆ ಸ್ಕೂಲ್ ಯೂನಿಫಾರಂ ಕಾಣಿಸಿತು.

ತಕ್ಷಣ ಕತ್ತರಿಯನ್ನು ಕಲ್ಲಿಗೆ ಹಿಡಿದು, ತಲೆ ತಗ್ಗಿಸಿ, ಬಾಯಲ್ಲೇ ಹಳೇ ಸದ್ದು ಹೊರಡಿಸಿದೆ. "ಹಾಂ, ಈಗ ಸರಿ" ಅಂದರು ಟೈಲರಮ್ಮ. ಕೆಲಸ ಮುಗಿದಾಗ ಮಾವ ಸ್ವಿಚ್ ಆರಿಸಿದ್ದು ನನಗೆ ಗೊತ್ತಾಗಲಿಲ್ಲ. ಕಿರುಚುತ್ತಲೇ ಇದ್ದೆ.

"ಡೇಯ್, ನಿಂತ ಮಿಷಿನ್ನು ಕೂಗ್ತಿದೆಯೇನೋ?"

ಟೈಲರಮ್ಮ ಕತ್ತರಿ ಕಿತ್ತುಕೊಂಡವರೇ ಮಾವನ ಹೆಗಲ ಮೇಲಿನ ಟವೆಲ್ಲಿಗೆ ಹಾಕಿದರು. ಟವೆಲ್ಲು ಸರ್ರನೆ ಎರಡು ಹೋಳಾಯಿತು.

"ಸೂಪರ್ ಕಣೋ! ನಾಳೆ ಇನ್ನೊಂದು ಕತ್ತರಿ ತರ್ತೀನಿ. ಬಾಯಿ ಮಾತ್ರ ಮುಚ್ಕೊಂಡಿರು."

ಅಬ್ಬಾ, ಬದುಕಿದೆ! ಮಾವ ಸ್ಕೂಲಿನ ಮಾತೇ ಎತ್ತಲಿಲ್ಲ. ಪಾಪ, ಅವರಿಗೆ ಒಂದು ಟವೆಲ್ ಹೋಗಿ ಎರಡು ಕರವಸ್ತ್ರ ಸಿಕ್ಕಿತ್ತು.