ಕ್ಲಾರಿನೆಟ್ ಅಜ್ಜನಿಗೆ ಕಲಿಸಿದ ಜಾರು

ಲಂಡನ್ನಿನ ರೇನರ್ಸ್ ಲೇನ್‌ನಲ್ಲಿ ನಮ್ಮ ಎದುರುಮನೆಯ ಯಹೂದಿ ಹೆಂಗಸು ಅಕಾರ್ಡಿಯನ್ ನುಡಿಸುತ್ತಿದ್ದರು. ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಪಿಟೀಲು ಕಲಿತಿದ್ದೆ ಎಂದು ನಾನು ಬಾಯಿಬಿಟ್ಟದ್ದೇ ತಡ, ಭಾನುವಾರ ನನ್ನನ್ನು ತಮ್ಮ ಪ್ರಾರ್ಥನಾಮಂದಿರದ ಹಾಲ್‌ಗೆ ಎಳೆದುಕೊಂಡು ಹೋದರು. ಹಿಂದೆ ಪೂರ್ವ ಯುರೋಪಿನ ಯಹೂದಿ ಮದುವೆಗಳಲ್ಲಿ ನುಡಿಸುತ್ತಿದ್ದ ಕ್ಲೆಜ್ಮರ್ ಸಂಗೀತವನ್ನು ಅಲ್ಲಿ ಎಲ್ಲರೂ ದುಂಡಗೆ ಕೂತು ಕಲಿಯುತ್ತಿದ್ದರು.

ಮೊದಲ ದಿನ ಚಕ್ಕುಲಿ ಒಯ್ದಿದ್ದೆ. ಆ ಹಾಲ್‌ನ ಅಡುಗೆಮನೆಯ ಮಡಿಗೆ ಹೊರಗಿನ ತಿಂಡಿ ಆಗುವುದಿಲ್ಲವಂತೆ. “ಬೇಜಾರು ಮಾಡ್ಕೋಬೇಡಿ, ಕಾರ್ ಪಾರ್ಕ್‌ಗೆ ಮಡಿ ಇಲ್ಲ,” ಎಂದರು ಎದುರುಮನೆಯವರು. ಡಬ್ಬಿ ಅಲ್ಲೇ ಖಾಲಿಯಾಯಿತು.

ಅವರ ಕ್ರಮವೇ ಬೇರೆ. ಸ್ವರ ಬರೆದ ಕಾಗದ ನೋಡುವಂತಿಲ್ಲ. ಮೊದಲು ಲಾ ಲಾ ಎಂದು ಹಾಡಬೇಕು, ಆಮೇಲೆ ವಾದ್ಯ. ಹೋದ ವಾರ ಕಲಿತವರೇ ಈ ವಾರದ ಹೊಸಬರಿಗೆ ಕಲಿಸಬೇಕು. ನಾನು ಹಿಂಜರಿದಾಗ ಎದುರುಮನೆಯವರು, “ಎಲ್ಲಿ ಕಷ್ಟ ಅನ್ನೋದೇ ನನಗೆ ಮರೆತುಹೋಗಿದೆ. ನಿಮಗಿನ್ನೂ ನೆನಪಿದೆಯಲ್ಲ!” ಎಂದು ಬೆನ್ನು ತಟ್ಟಿದರು.

ಹಾಗೆ ನನ್ನ ಪಾಲಿಗೆ ಬಂದವರು ನಿವೃತ್ತ ಹಲ್ಲಿನ ಡಾಕ್ಟರು, ಕ್ಲಾರಿನೆಟ್ ಹಿಡಿದ ಅಜ್ಜ. ಅವರ ಮೊಮ್ಮಗಳ ಮದುವೆ ಹತ್ತಿರವಿತ್ತು. ಅವಳು ಮಂಟಪಕ್ಕೆ ನಡೆದು ಬರುವಾಗ ನಮ್ಮ ಗುಂಪಿನ ಜೊತೆ ತಾವೂ ನುಡಿಸಬೇಕೆಂಬುದು ಅವರ ಆಸೆ. “ಕಾಗದ ಇದ್ರೆ ನುಡಿಸ್ತೀನಿ. ಆದ್ರೆ ಕಾಗದ ನೋಡ್ತಾ ನಿಂತ್ರೆ ಅವಳ ಮುಖ ನೋಡೋದು ಯಾವಾಗ?” ಎಂದರು.

ಮನೆಯಲ್ಲಿ ಯಜಮಾನರ ಕೀಟಲೆ: “ಎಂತ ಮಾರಾಯ್ತಿ, ಕಲ್ತದ್ದು ಹೋದ ವಾರ, ಈಗಲೇ ಟೀಚರಾ? ಫೀಸಿಗೆ ಬದಲು ಅವರಿಗೆ ನನ್ನ ದವಡೆ ಹಲ್ಲು ತೋರಿಸು.”

ಮೇಲಿನ ಸ್ವರಕ್ಕೆ ಹಾರುವ ಒಂದು ಕಡೆ ಅಜ್ಜ ಎಡವುತ್ತಿದ್ದರು. “ಹಾರಬೇಡಿ, ಹೀಗೆ ಜಾರಿಕೊಂಡು ಹೋಗಿ,” ಎಂದು ಹಾಡಿ ತೋರಿಸಿದೆ. ಬಂತು! ಅವರ ಬಿಳಿ ಹುಬ್ಬುಗಳು ಹಣೆಯವರೆಗೆ ಏರಿದವು.

ಮದುವೆಯ ಹಿಂದಿನ ವಾರ ಎಲ್ಲರೂ ಒಟ್ಟಿಗೆ ನುಡಿಸಿದೆವು. ಆ ಜಾಗದಲ್ಲಿ ಗುಂಪೆಲ್ಲ, ಕ್ಲೆಜ್ಮರ್ ರೂಢಿಯಂತೆ, ಬಿಕ್ಕಿದ ಹಾಗೆ ಸ್ವರವನ್ನು ತುಂಡರಿಸಿತು. ಅಜ್ಜನ ಕ್ಲಾರಿನೆಟ್ ಒಂದೇ ಹಾಯಾಗಿ ಜಾರಿತು.

“ಅದೆಲ್ಲಿಂದ ಬಂತು?” ಎಂದರು ಎದುರುಮನೆಯವರು.

“ನಮ್ಮ ಟೀಚರ್ ಹೇಳಿಕೊಟ್ಟದ್ದು,” ಎಂದು ಅಜ್ಜ ಹೆಮ್ಮೆಯಿಂದ ನನ್ನತ್ತ ಕ್ಲಾರಿನೆಟ್ ಚಾಚಿದರು.

ಆಗ ನನಗೆ ಹೊಳೆಯಿತು. ಅದು ನಮ್ಮಮ್ಮ ಸಂಜೆ ದೀಪ ಹಚ್ಚಿ ಹಾಡುತ್ತಿದ್ದ ಭಜನೆಯ ಜಾರು! ನನಗೇ ಗೊತ್ತಿಲ್ಲದೆ ಯಹೂದಿ ಮದುವೆಯೊಳಗೆ ನುಗ್ಗಿಸಿದ್ದೆ. ತಿದ್ದಲು ಕೂತೆ. ಅಜ್ಜ ಆ ಸ್ವರವನ್ನು ತುಂಡರಿಸಿದರೆ ಮುಂದಿನ ಸಾಲೇ ಕೈತಪ್ಪುತ್ತಿತ್ತು. ಕೊನೆಗೆ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟು, “ಬಿಡಿ, ನಾನು ಸುಮ್ನೆ ಕೂತು ನೋಡ್ತೀನಿ,” ಎಂದರು.

“ಯಾಕೆ ಬಿಡಬೇಕು?” ಎದುರುಮನೆಯವರು ಅಕಾರ್ಡಿಯನ್ ಮತ್ತೆ ಹೆಗಲಿಗೇರಿಸಿದರು. “ಅವರೊಬ್ಬರು ಮರೆಯೋದಕ್ಕಿಂತ ನಾವೆಲ್ಲ ಕಲಿಯೋದು ಸುಲಭ. ಎದ್ದು ನಿಂತು ಕಲಿಸಿ ನೋಡೋಣ.”

ನಾನು ಹಾಡಿದೆ, ಅವರೆಲ್ಲ ಹಾಡಿದರು. ಹುಟ್ಟಿದಾಗಿನಿಂದ ಈ ಸಂಗೀತದಲ್ಲೇ ಬೆಳೆದ ಪಿಟೀಲಿನವರು, “ಬೆರಳು ಇಲ್ಲಿಂದ ಎಳೀಬೇಕಾ?” ಎಂದು ನನ್ನನ್ನು ಕೇಳಿದರು! ನಾನೂ ಗಂಭೀರವಾಗಿ, “ಇನ್ನೂ ಸ್ವಲ್ಪ ನಿಧಾನ,” ಎಂದೆ.

ಮದುವೆಯ ದಿನ ಹುಡುಗಿ ಬಿಳಿ ಗೌನಿನ ಅಂಚೆತ್ತಿಕೊಂಡು ನಡೆದು ಬಂದಳು. ಆ ಜಾಗಕ್ಕೆ ಎಲ್ಲರೂ ಒಟ್ಟಿಗೆ ಜಾರಿದೆವು. ಅವಳು ತಿರುಗಿ ಅಜ್ಜನನ್ನು ನೋಡಿ ನಕ್ಕಳು. ಅಜ್ಜ ಒಂದು ಸ್ವರವನ್ನೂ ಬಿಡದೆ, ಅವಳು ಮಂಟಪದ ಕೆಳಗೆ ನಿಲ್ಲುವವರೆಗೂ ಅವಳ ಮುಖವನ್ನೇ ನೋಡುತ್ತ ನುಡಿಸಿದರು.