ಸಪ್ಪಲಮ್ಮನ ಬೀದಿ ಶಿಫ್ಟ್ ಆದದ್ದು

ಸೂಲಗಿತ್ತಿ ಸಪ್ಪಲಮ್ಮನಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಜಂಬ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಯಾರಾದರೂ ಕೈಹಿಡಿಯಲು ಬಂದರೆ ಕೋಲಿನಿಂದ ತಟ್ಟಿ ದೂರ ಸರಿಸುತ್ತಿದ್ದಳು. ಯಾರ ಮನೆಯಲ್ಲಿ ನೋವು ಕಾಣಿಸಿಕೊಂಡರೂ ಬೀದಿಯ ಗೋಡೆಗಳನ್ನು ಸವರಿಕೊಂಡು ಹೋಗಿ ಸರಿಯಾದ ಬಾಗಿಲಲ್ಲೇ ನಿಲ್ಲುವಳು. ಆ ಬೀದಿಯ ಮಕ್ಕಳೆಲ್ಲ ಅವಳ ಕೈಯಲ್ಲೇ ಭೂಮಿಗೆ ಬಂದವರು.

ಸಾವಿರದ ಒಂಬೈನೂರ ಮೂವತ್ಮೂರರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯುತ್ತ ಬಂದಾಗ, ಕಾವೇರಿ ದಂಡೆಯ ಆ ಊರು ಮುಳುಗುತ್ತದೆಂದು ಸರ್ಕಾರಿ ಆಫೀಸಿನವರು ಬಂದು ಹೇಳಿದರು. ಎಲ್ಲರೂ ಕೊಳತ್ತೂರು ಕಡೆಯ ದಿಣ್ಣೆಗೆ ಶಿಫ್ಟ್ ಆಗಬೇಕು. ಮೊದಲು ಬಂದವರು ಬೇಕಾದ ಜಾಗ ಹಿಡಿಯಬಹುದು. ಮನೆಗಳು ಅದಲುಬದಲಾದರೆ ಸಪ್ಪಲಮ್ಮ ಇನ್ನು ಕಂಡವರ ಕೈಹಿಡಿದೇ ನಡೆಯಬೇಕು.

ಶಾಲೆಯಲ್ಲಿ ಪಾಠ ಹೇಳುವ ವಾತ್ಯಾರ್ ಮಲ್ಲಪ್ಪನನ್ನು ಕರೆಸಿದಳು. "ಅದೇನಪ್ಪ ಶಿಫ್ಟು? ಅಣೆ ಕೆಲಸದೋರೂ ಅದ್ನೇ ಅಂತಾರೆ."

"ಅವ್ರು ಅನ್ನೋದು ಕೆಲಸದ ಪಾಳಿಗೆ ಅಜ್ಜಿ. ಆಫೀಸಿನೋರು ಅನ್ನೋದು ಜಾಗ ಬದಲಾಯ್ಸೋದಕ್ಕೆ. ಡಿಕ್ಷನರೀಲಿ ನೋಡ್ದೆ. ಸಾವಿರ ವರ್ಷದ ಕೆಳ್ಗೆ ಇಂಗ್ಲೀಸಿನೋರು ಪಾಲು ಮಾಡೋದಕ್ಕೆ, ಸಾಲಾಗಿ ಜೋಡ್ಸೋದಕ್ಕೆ ಆ ಮಾತು ಆಡ್ತಿದ್ರಂತೆ."

"ಆ ಕಾಲ್ದೋರಿಗೆ ಬುದ್ಧಿ ಇತ್ತು. ನಾವೂ ಅಂಗೇ ಸಾಲಾಗೇ ಓಗಾಣ."

ಬೀದಿಯವರನ್ನೆಲ್ಲ ಸೇರಿಸಿದಳು. "ನಿಮ್ಮನ್ನ ಮೊದ್ಲು ಇಡ್ದಿದ್ದು ಈ ಕೈ. ಯಾರ ಪಕ್ಕ ಯಾರಿದ್ರೋ ಅಲ್ಲೂ ಅಂಗೇ ಇರಿ," ಎಂದಳು. ಬೇಡಿಕೆಯೋ ಅಪ್ಪಣೆಯೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರೂ ಹೂಂ ಅಂದರು. ಬೀದಿಯ ಕೊನೆಮನೆಯ ಮುನುಸ್ವಾಮಿ ಮಾತ್ರ ನೆಲ ನೋಡಿದ. ಹೊಸ ಜಾಗದಲ್ಲಿ ರಸ್ತೆ ಪಕ್ಕ ಅಂಗಡಿ ಹಾಕಬೇಕೆಂದು ಅವನು ಆಸೆಪಟ್ಟಿದ್ದ, ಒಳ್ಳೆಯ ಜೋಡೆತ್ತೂ ಇದ್ದವು.

ಹೊರಟ ದಿನ ಅವನ ಗಾಡಿಯೇ ಮೊದಲು ದಿಣ್ಣೆ ಮುಟ್ಟಿತು. ರಸ್ತೆ ಬದಿಯಲ್ಲಿ ಜಾಗ ಗುರುತಿಸುವ ಗೂಟ ಹಿಡಿದು ಬಹಳ ಹೊತ್ತು ನಿಂತ. ದೂರದಲ್ಲಿ ಹಿಂದಿನ ಗಾಡಿ ಕಂಡಿತು, ಅದರ ಮೇಲೆ ನೆಟ್ಟಗೆ ಕೂತ ಮುದುಕಿ ಕಂಡಳು. ಬೈದುಕೊಳ್ಳುತ್ತಲೇ ಗೂಟ ಎತ್ತಿಕೊಂಡು ಒಳಕ್ಕೆ ನಡೆದು, ಸಾಲಿನ ಕೊನೆ ಎಲ್ಲಿ ಬರುವುದೋ ಅಲ್ಲಿ ನೆಟ್ಟ. ಅವನೇ ಹಾಗೆ ಮಾಡಿದ ಮೇಲೆ ಉಳಿದವರೂ ಹಳೆಯ ಸಾಲಿನಂತೆಯೇ ಗೂಟ ನೆಟ್ಟರು.

ಗೋಡೆಗಳೆದ್ದು ಸೂರು ಏರಿದ ಮೇಲೆ ಒಂದು ಮಧ್ಯಾಹ್ನ ಮುನುಸ್ವಾಮಿಯ ಹೆಂಡತಿ ರಂಗನಾಯಕಿಗೆ ನೋವು ಶುರುವಾಯಿತು. ಅವಳ ಕೂಗು ಬೀದಿಗೆಲ್ಲ ಕೇಳಿಸಿತು. ಸೂಲಗಿತ್ತಿಯನ್ನು ಕರೆತರಲು ಮುನುಸ್ವಾಮಿ ಬಾಗಿಲು ತೆಗೆದರೆ, ಸಪ್ಪಲಮ್ಮ ಆಗಲೇ ಹೊಸ ಮಣ್ಣಿನ ಗೋಡೆಗಳನ್ನು ಸವರುತ್ತ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಅವನು ಗಾಬರಿಯಲ್ಲಿ ಕೈಚಾಚಿದ.

ಆ ಕೈಗೆ ಕೋಲಿನಿಂದ ಪಟ್ಟನೆ ಏಟು ಬಿತ್ತು. "ಕೈ ತೆಗಿಲಾ. ನನ್ ಬೀದಿ ನಂಗೆ ಗೊತ್ತೈತೆ."